ಒಂದು ಚಿತ್ರ, ಹಲವು ಸಂಗೀತ: ‘ಮೆಟ್ರೊಪೊಲಿಸ್’ನ ಗೃಹವೀಕ್ಷಣಾ ಆವೃತ್ತಿಗಳು

ಮೂಕಿಚಿತ್ರಗಳ ಇತಿಹಾಸವನ್ನು ಬರೆಯುವಾಗ ಬಿಂಬಕ್ಕೆ ದೊರೆಯುವ ಪ್ರಾಧಾನ್ಯ ಸಂಗೀತಕ್ಕೆ ದೊರೆಯುವುದಿಲ್ಲ. ಮೂಕಿಚಿತ್ರಗಳು ಮೌನವಾಗಿ ಪ್ರದರ್ಶನಗೊಂಡದ್ದು ಅಪರೂಪ. ಊರಿನ ಚಿತ್ರಮಂದಿರದಲ್ಲಿ ಒಬ್ಬ ಪಿಯಾನೊ ವಾದಕನಾದರೂ ಇರುತ್ತಿದ್ದನು. ಮಹಾನಗರಗಳಲ್ಲಿ ಪೂರ್ಣ ವಾದ್ಯವೃಂದವೇ ಇರುತ್ತಿತ್ತು. ಆದರೆ ಈ ಸಂಗೀತವು ಫಿಲ್ಮಿನ ಮೇಲೆ ಮುದ್ರಿತವಾಗಿರಲಿಲ್ಲ. ಆದ್ದರಿಂದ ಬಿಂಬ ಮತ್ತು ಸಂಗೀತಗಳು ಬೇರೆಬೇರೆ ದಾರಿ ಹಿಡಿದು ಉಳಿದವು ಅಥವಾ ಅಳಿದವು. ಹೀಗೆ ಬೇರ್ಪಟ್ಟವು ಮುಂದೆ ವಿಡಿಯೊ ಕ್ಯಾಸೆಟ್, ಡಿವಿಡಿ ಮತ್ತು ಬ್ಲೂ-ರೇಗಳಲ್ಲಿ ಮತ್ತೆ ಕೂಡಿದಾಗ ಏನಾಯಿತು ಎಂಬುದನ್ನು ಫ್ರಿಟ್ಸ್ ಲಾಂಗ್ ನಿರ್ದೇಶನದ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ (1927)ನ್ನು ಆಧರಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೇಲಣ ನಗರದಲ್ಲಿ ಭೋಗ, ನೆಲದಡಿಯಲ್ಲಿ ಯಂತ್ರಕ್ಕೆ ಕಟ್ಟುಬಿದ್ದ ದುಡಿಮೆಗಾರರು – ಇಂತಹ ಕರಾಳ ಭವಿಷ್ಯವನ್ನು ಕಲ್ಪಿಸಿದ ಈ ಚಿತ್ರದ ಕಥೆ ತೆಯಾ ಫೊನ್ ಹಾರ್ಬೊ ಅವರದು. ಊಫಾ ಸಂಸ್ಥೆಯು ನಿರ್ಮಿಸಿದ ಚಿತ್ರವು 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿತು. ಆಗ ಅದರ ಉದ್ದ 4189 ಮೀಟರ್. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿಸಿದರೆ ಇದು ಸುಮಾರು 153 ನಿಮಿಷಗಳ ಪ್ರದರ್ಶನ. 20 ಚೌಕಟ್ಟುಗಳ ವೇಗದಲ್ಲಾದರೆ ಮೂರು ಗಂಟೆಗಳನ್ನು ಮೀರುತ್ತದೆ. ವೇಗದ ಈ ಪ್ರಶ್ನೆಯು ಸಂಗೀತಕ್ಕೆ ನೇರವಾಗಿ ಸಂಬಂಧಿಸಿದ್ದು. ಬಿಂಬದ ವೇಗ ಬದಲಾದರೆ, ಅದಕ್ಕೆಂದೇ ಬರೆದ ಸಂಗೀತದ ಲಯವೂ ಬದಲಾಗಬೇಕಾಗುತ್ತದೆ.

ಚಿತ್ರದ ಮೂಲ ಸಂಗೀತವನ್ನು ಗಾಟ್‌ಫ್ರೀಡ್ ಹುಪ್ಪರ್ಟ್ಸ್ (1887–1937) ದೊಡ್ಡ ವಾದ್ಯವೃಂದಕ್ಕಾಗಿ ರಚಿಸಿದರು. ಲಾಂಗ್ ಅವರ ‘ನಿಬೆಲುಂಗೆನ್’ (1924) ಚಿತ್ರಕ್ಕೂ ಸಂಗೀತ ನೀಡಿದವರು ಇವರೇ. ಹುಪ್ಪರ್ಟ್ಸ್ ಪಾತ್ರಗಳಿಗೂ ಸನ್ನಿವೇಶಗಳಿಗೂ ನಿಗದಿತ ಸ್ವರಗುಚ್ಛಗಳನ್ನು ಯೋಜಿಸಿದರು. ಮೃತ್ಯು ಮತ್ತು ಏಳು ಮಹಾಪಾಪಗಳ ಪ್ರತಿಮೆಗಳು ಕಾಣಿಸಿಕೊಳ್ಳುವಲ್ಲಿ ಕ್ರೈಸ್ತರ ಮರಣಪ್ರಾರ್ಥನೆಯ ಪ್ರಾಚೀನ ಧಾಟಿ ‘ದಿಯೆಸ್ ಇರೆ’ಯನ್ನೂ, ದುಡಿಮೆಗಾರರು ದಂಗೆಯೇಳುವಲ್ಲಿ ಫ್ರೆಂಚ್ ಕ್ರಾಂತಿಯ ಗೀತೆ ‘ಮಾರ್ಸೆಯೇಸ್’ನ ಧಾಟಿಯನ್ನೂ ಬಳಸಿದರು. ಪಿಯಾನೊಗಾಗಿ ಸಂಕ್ಷೇಪಿಸಿದ ಸ್ವರಲಿಪಿಯಲ್ಲಿ, ಯಾವ ಸ್ವರದ ಹೊತ್ತಿಗೆ ಪರದೆಯ ಮೇಲೆ ಯಾವ ದೃಶ್ಯ ಇಲ್ಲವೇ ಯಾವ ಶೀರ್ಷಿಕೆಯಿರಬೇಕೆಂಬ ಸೂಚನೆಗಳು ಸಾವಿರಕ್ಕೂ ಮಿಕ್ಕು ಇವೆ. ಈ ಸೂಚನೆಗಳ ಮಹತ್ತ್ವ ತಿಳಿದುಬಂದದ್ದು ಎಷ್ಟೋ ದಶಕಗಳ ನಂತರ.

ಅಮೆರಿಕದ ಪ್ರದರ್ಶನಕ್ಕಾಗಿ ಚಾನಿಂಗ್ ಪೊಲಾಕ್ ಎಂಬ ನಾಟಕಕಾರರು ಚಿತ್ರವನ್ನು ಕತ್ತರಿಸಿ ಮರುಜೋಡಿಸಿದರು. ‘ಹೆಲ್’ ಎಂಬ ಮೃತ ಸ್ತ್ರೀಯ ಪ್ರಸಂಗವನ್ನೇ ಕೈಬಿಡಲಾಯಿತು. ಇಂಗ್ಲಿಷಿನಲ್ಲಿ ಆ ಹೆಸರು ನರಕವೆಂಬ ಅರ್ಥದ ಪದವನ್ನು ನೆನಪಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಇದರಿಂದ, ಆಕೆಯನ್ನು ಕಳೆದುಕೊಂಡ ವಿಜ್ಞಾನಿ ರೋಟ್‌ವಾಂಗ್ ಯಂತ್ರಸ್ತ್ರೀಯನ್ನು ಏಕೆ ನಿರ್ಮಿಸಿದನೆಂಬುದೇ ಅಸ್ಪಷ್ಟವಾಯಿತು. 1927ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯಲ್ಲಿಯೂ ಮೊಟಕುಗೊಂಡ ಪ್ರತಿಯೇ ಬಿಡುಗಡೆಯಾಯಿತು. ಬಿಂಬ ತುಂಡಾದ ಮೇಲೆ ಹುಪ್ಪರ್ಟ್ಸ್ ಅವರ ಸಂಗೀತ ಅದಕ್ಕೆ ಹೊಂದದಾಯಿತು. ಮೂಲ ಸಂಗೀತ ಬಳಕೆ ತಪ್ಪಿದ್ದು ಹೀಗೆ. ಅದರ ಗುಣದೋಷಗಳು ಇದಕ್ಕೆ ಕಾರಣವಾಗಿರಲಿಲ್ಲ.

ಅಮೆರಿಕದಲ್ಲಿ 1953ರಲ್ಲಿ ಚಿತ್ರದ ಹಕ್ಕುಸ್ವಾಮ್ಯ ನವೀಕರಣಗೊಳ್ಳದೆ ಕೊನೆಗೊಂಡಿತು. ವಿಡಿಯೊ ಕ್ಯಾಸೆಟ್ಟುಗಳ ಕಾಲ ಬಂದಾಗ ಯಾರು ಬೇಕಾದರೂ ಅದನ್ನು ಮಾರಬಹುದಾಗಿತ್ತು. ಸವೆದ ಪ್ರತಿಗಳಿಂದ ತಯಾರಿಸಿದ ಅಗ್ಗದ ಕ್ಯಾಸೆಟ್ಟುಗಳು ಮಾರುಕಟ್ಟೆಗೆ ಬಂದವು. ಕೈಗೆ ಸಿಕ್ಕ ಸಂಗೀತವನ್ನು ಅವುಗಳಿಗೆ ಅಂಟಿಸಲಾಗಿತ್ತು. ದುಡಿಮೆಗಾರರು ತಲೆತಗ್ಗಿಸಿ ನಡೆಯುವ ದೃಶ್ಯಕ್ಕೂ ಪ್ರಣಯದ ದೃಶ್ಯಕ್ಕೂ ಒಂದೇ ಧಾಟಿ ಒದಗುವ ಈ ಕ್ಯಾಸೆಟ್ಟುಗಳಲ್ಲಿ ಸಂಗೀತವು ಮೌನವನ್ನು ತುಂಬುವ ಸಾಧನವಷ್ಟೆ.

1984ರಲ್ಲಿ ಜಾರ್ಜಿಯೊ ಮೊರೊಡರ್ ಸಿದ್ಧಪಡಿಸಿದ ಆವೃತ್ತಿ ಇದಕ್ಕಿಂತ ಭಿನ್ನವಾದುದು. ಅವರು ಚಿತ್ರಕ್ಕೆ ಬಣ್ಣದ ಛಾಯೆಗಳನ್ನು ನೀಡಿದರು. ಶೀರ್ಷಿಕೆಗಳನ್ನು ತೆಗೆದು ಮಾತುಗಳನ್ನು ಬಿಂಬದ ಕೆಳಭಾಗದಲ್ಲಿ ಮುದ್ರಿಸಿದರು. ಕಳೆದುಹೋದ ಕೆಲವೆಡೆ ಸ್ಥಿರಚಿತ್ರಗಳನ್ನು ಬಳಸಿದರು. ಸಿಂಥಸೈಜರ್ ಸಂಗೀತದೊಂದಿಗೆ ಫ್ರೆಡ್ಡಿ ಮರ್ಕ್ಯುರಿ, ಪ್ಯಾಟ್ ಬೆನಟಾರ್, ಬಾನಿ ಟೈಲರ್, ಜಾನ್ ಆಂಡರ್ಸನ್ ಮೊದಲಾದವರ ಹಾಡುಗಳನ್ನು ಸೇರಿಸಿದರು. ಚಿತ್ರದ ಅವಧಿ ಸುಮಾರು 80 ನಿಮಿಷಗಳಿಗೆ ಇಳಿಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಶೀರ್ಷಿಕೆಗಳನ್ನು ತೆಗೆದದ್ದೂ ಸಂಗೀತದ ನಿರ್ಧಾರವೇ. ಶೀರ್ಷಿಕೆ ಬಂದಾಗಲೆಲ್ಲ ಬಿಂಬದ ಚಲನೆ ಕಡಿಯುತ್ತದೆ. ಎಡೆಬಿಡದ ತಾಳಕ್ಕೆ ಅದು ಹೊಂದುವುದಿಲ್ಲ. ಜೊತೆಗೆ, ಮಾತಿಲ್ಲದ ಪಾತ್ರಗಳ ಒಳಗನ್ನು ಹಾಡಿನ ಸಾಹಿತ್ಯವೇ ಹೇಳತೊಡಗಿತು. ಹುಪ್ಪರ್ಟ್ಸ್ ಅವರಲ್ಲಿ ದಂಗೆಯ ದೃಶ್ಯಕ್ಕೆ ಒದಗುವ ಪರಿಚಿತ ಕ್ರಾಂತಿಗೀತೆಯು ನೋಡುಗನನ್ನು ಇತಿಹಾಸದ ನೆನಪಿಗೆ ಒಯ್ಯುತ್ತದೆ; ಯಂತ್ರಸ್ತ್ರೀಯ ಮಾತಿಗೆ ಮರುಳಾದ ಗುಂಪಿನ ಬಗೆಗೆ ಅನುಮಾನವನ್ನೂ ಹುಟ್ಟಿಸುತ್ತದೆ. ಮೊರೊಡರ್ ಅವರಲ್ಲಿ ಯಂತ್ರವೂ ಜನಸಮೂಹವೂ ಒಂದೇ ತಾಳಕ್ಕೆ ಚಲಿಸುತ್ತವೆ. ಚಿತ್ರವು ಖಂಡಿಸಹೊರಟ ಯಾಂತ್ರಿಕತೆಯೇ ಇಲ್ಲಿ ಆಕರ್ಷಣೆಯಾಗುತ್ತದೆ.

ಈ ಆವೃತ್ತಿ ವಿಮರ್ಶಕರ ಟೀಕೆಗೆ ಗುರಿಯಾಯಿತು. ಆದರೂ ಒಂದು ಪೀಳಿಗೆಗೆ ‘ಮೆಟ್ರೊಪೊಲಿಸ್’ ಎಂದರೆ ಇದೇ ಆಗಿತ್ತೆಂಬುದನ್ನು ಇತಿಹಾಸಕಾರನು ಅಲ್ಲಗಳೆಯಲಾಗದು. ಕ್ಯಾಸೆಟ್ ಮತ್ತು ಲೇಸರ್ ಡಿಸ್ಕ್‌ಗಳ ಬಳಿಕ ದೀರ್ಘಕಾಲ ಅಲಭ್ಯವಾಗಿದ್ದ ಇದು 2011ರಲ್ಲಿ ಅಮೆರಿಕದ ಕೀನೊ ಸಂಸ್ಥೆಯಿಂದ ಡಿವಿಡಿ ಹಾಗೂ ಬ್ಲೂ-ರೇಗಳಲ್ಲಿ ಮರಳಿತು. 1984ರ ಅಭಿರುಚಿಗೆ ಇದೊಂದು ದಾಖಲೆ. 1927ರ ಚಿತ್ರಕ್ಕೆ ಸಾಕ್ಷ್ಯವಲ್ಲ.

ಮೂಲದ ಶೋಧವು ಬೇರೆ ದಿಕ್ಕಿನಲ್ಲಿ ನಡೆಯಿತು. ಮ್ಯೂನಿಕ್ ಚಲನಚಿತ್ರ ಸಂಗ್ರಹಾಲಯದ ಎನ್ನೊ ಪತಾಲಾಸ್ ಅವರು ಸೆನ್ಸಾರ್ ದಾಖಲೆಯನ್ನೂ ಹುಪ್ಪರ್ಟ್ಸ್ ಸ್ವರಲಿಪಿಯನ್ನೂ ಮುಂದಿಟ್ಟುಕೊಂಡು ದೃಶ್ಯಗಳ ಕ್ರಮವನ್ನು ನಿರ್ಧರಿಸಿದರು. ಆ ತಳಹದಿಯ ಮೇಲೆ ಮಾರ್ಟಿನ್ ಕೋರ್ಬರ್ ಅವರು ಮುರ್ನೌ ಪ್ರತಿಷ್ಠಾನಕ್ಕಾಗಿ 2001ರಲ್ಲಿ ಹೊಸ ಪುನರುದ್ಧಾರವನ್ನು ಪೂರೈಸಿದರು. ಅದೇ ವರ್ಷ ಚಿತ್ರವು ಯುನೆಸ್ಕೊದ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿತು. 2003ರಲ್ಲಿ ಕೀನೊ ಹೊರತಂದ 124 ನಿಮಿಷಗಳ ಡಿವಿಡಿಯಲ್ಲಿ, ಬೆರ್ನ್ಟ್ ಹೆಲ್ಲರ್ ನಿರ್ದೇಶನದಲ್ಲಿ ಸಾರ್‌ಬ್ರುಕನ್ ಆಕಾಶವಾಣಿ ವಾದ್ಯವೃಂದವು ನುಡಿಸಿದ ಹುಪ್ಪರ್ಟ್ಸ್ ಸಂಗೀತವಿದೆ. ಲುಪ್ತ ದೃಶ್ಯಗಳನ್ನು ಬರಹದ ಮೂಲಕ ವಿವರಿಸಲಾಗಿದೆ.

2008ರಲ್ಲಿ ಬ್ಯೂನಸ್ ಐರಿಸ್ ನಗರದ ಚಲನಚಿತ್ರ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ಣವಾದ 16 ಮಿ.ಮೀ. ನೆಗೆಟಿವ್ ದೊರೆಯಿತು. ಸುಮಾರು 25 ನಿಮಿಷಗಳ ಅಜ್ಞಾತ ಭಾಗ ಅದರಲ್ಲಿತ್ತು. ಗೀಚುಗಳಿಂದ ತುಂಬಿದ ಈ ತುಣುಕುಗಳನ್ನು ಸರಿಯಾದ ಎಡೆಗಳಲ್ಲಿ ಕೂರಿಸಲು ಸ್ವರಲಿಪಿಯ ಸೂಚನೆಗಳೇ ಮುಖ್ಯ ಆಧಾರವಾದವು. 2010ರ ಫೆಬ್ರವರಿ 12ರಂದು ಬರ್ಲಿನ್ನಿನಲ್ಲಿ ಫ್ರಾಂಕ್ ಸ್ಟ್ರೋಬೆಲ್ ನಿರ್ದೇಶನದ ಬರ್ಲಿನ್ ಆಕಾಶವಾಣಿ ವಾದ್ಯವೃಂದದೊಂದಿಗೆ ಈ ಪ್ರತಿ ಪ್ರದರ್ಶನಗೊಂಡಿತು. ಅದೇ ವರ್ಷ ಬ್ಲೂ-ರೇ ರೂಪದಲ್ಲಿಯೂ ಬಂದಿತು.

ಮೇಲ್ನೋಟಕ್ಕೆ ಇಲ್ಲಿ ವಿವಾದ ಮುಗಿದಂತೆ ತೋರುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. 2010ರ ಆವೃತ್ತಿಯಲ್ಲಿ ಸಂಗೀತವೂ ಬಿಂಬವೂ ಸೊಗಸಾಗಿ ಹೊಂದುತ್ತವೆ. ಬಿಂಬವನ್ನು ಸಂಗೀತದ ಆಧಾರದಿಂದಲೇ ಜೋಡಿಸಿರುವಾಗ ಆ ಹೊಂದಾಣಿಕೆಯನ್ನು ಮೂಲದ ಯಥಾವತ್ತಿಗೆ ಸ್ವತಂತ್ರ ಪ್ರಮಾಣವೆಂದು ಎಣಿಸಲಾಗದು. ಅರ್ಜೆಂಟೀನಾದ ಪ್ರತಿಯಂತಹ ಹೊರಗಿನ ಸಾಕ್ಷ್ಯವು ಆ ಕ್ರಮವನ್ನು ಸಮರ್ಥಿಸುವ ಕಡೆ ಮಾತ್ರ ತೀರ್ಮಾನ ದೃಢವಾಗುತ್ತದೆ.

ಗ್ರಂಥಾಲಯಗಳಿಗೂ ಇದರಿಂದ ಒಂದು ಹೊಣೆ ಒದಗುತ್ತದೆ. ‘ಮೆಟ್ರೊಪೊಲಿಸ್, 1927’ ಎಂಬಷ್ಟೇ ನಮೂದಿನಡಿ ಈ ಎಲ್ಲ ತಟ್ಟೆಗಳನ್ನೂ ಸೇರಿಸಿದರೆ, ಅವುಗಳಲ್ಲಿ ಯಾವುದನ್ನೋ ನೋಡಿದ ಸಂಶೋಧಕನು ಮೊರೊಡರ್ ಅವರ ಲಯವನ್ನು ಲಾಂಗ್ ಅವರ ಶೈಲಿಯೆಂದು ಬರೆದಾನು. ಸಂಗೀತ ಯಾರದು, ವಾದನ ಯಾರದು, ಅವಧಿಯೆಷ್ಟು, ಯಾವ ಪುನರುದ್ಧಾರ ಎಂಬ ನಾಲ್ಕು ವಿವರಗಳಾದರೂ ಸೂಚಿಯಲ್ಲಿರಬೇಕು. 2023ರ ಆರಂಭದಿಂದ ಅಮೆರಿಕದಲ್ಲಿ ಚಿತ್ರವು ಮತ್ತೆ ಸಾರ್ವಜನಿಕ ಸ್ವತ್ತಾಗಿರುವುದರಿಂದ ಹೊಸ ಸಂಗೀತದ ಆವೃತ್ತಿಗಳು ಹೆಚ್ಚುವ ಸಂಭವವಿದೆ. ಈ ಅಗತ್ಯವೂ ಅಷ್ಟೇ ಹೆಚ್ಚಿದೆ.

ಫಿಲ್ಮು ಉಳಿಯದ ಕಡೆ ಕಾಗದ ಏನನ್ನು ಉಳಿಸಬಲ್ಲದೆಂಬುದಕ್ಕೆ ಹುಪ್ಪರ್ಟ್ಸ್ ಅವರ ಸ್ವರಲಿಪಿ ನಿದರ್ಶನ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934)ದ ಪ್ರತಿ ಇಂದು ನಮ್ಮಲ್ಲಿಲ್ಲ. ಹಳೆಯ ಚಿತ್ರಗಳ ಹಾಡಿನ ಪುಸ್ತಕ, ಸೆನ್ಸಾರ್ ಪತ್ರ, ವಾದ್ಯಗಾರರ ಟಿಪ್ಪಣಿಗಳನ್ನು ಗುಜರಿಗೆ ಹಾಕುವ ಮುನ್ನ ನಮ್ಮ ಸಂಗ್ರಹಾಲಯಗಳು ಈ ನಿದರ್ಶನವನ್ನು ನೆನೆಯುವುದು ಒಳಿತು.