ವಾಲಲೊಲ್ಲದ ಅಕ್ಷರ

ತುಮಕೂರು ಜಿಲ್ಲೆಯ ಹೆಬ್ಬೂರಿನ ನೆರೆಯ ಗುಬ್ಬಿಯಲ್ಲಿ 1830ರ ದಶಕದ ಕೊನೆಗೆ ಯಾವ ವೆಸ್ಲಿಯನ್ ಮಿಷನ್ನು ನೆಲೆಯೂರಿತೋ, ಯಾವುದರ ಪಾದ್ರಿಯಾದ ವಿಲಿಯಂ ಆರ್ಥರ್ ಅಲ್ಲಿನ ವಾಸವನ್ನು 1847ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದನೋ, ಆ ಮಿಷನ್ನೇ 1840ರಲ್ಲಿ ಬೆಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದು ಕನ್ನಡದ ಅಚ್ಚುಮೊಳೆಗಳನ್ನು ಕೆಲಸಕ್ಕೆ ಹಚ್ಚಿತು. ಅದಕ್ಕೆ ಮೊದಲೇ, 1817ರಲ್ಲಿ, ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ವ್ಯಾಕರಣವು ಕನ್ನಡ ಮೊಳೆಗಳೊಡನೆ ಅಚ್ಚಾಗಿತ್ತು.

ಈ ಪಾದ್ರಿಗಳ ಇಂಗ್ಲಿಷ್ ಪುಸ್ತಕಗಳಲ್ಲಿ ನೆಟ್ಟಗೆ ನಿಂತ ಅಕ್ಷರದ ಜೊತೆಗೆ ಬಲಕ್ಕೆ ವಾಲಿದ ಇಟಾಲಿಕ್ ಎಂಬುದೊಂದು ಇರುತ್ತಿತ್ತು. ವೆನಿಸ್ ನಗರದ ಆಲ್ಡಸ್ ಮನೂಟಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೆತ್ತಿದ ಮೊಳೆಗಳಿಂದ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಆದ್ಯಂತ ಈ ಅಕ್ಷರದಲ್ಲಿಯೇ ಮುದ್ರಿಸಿದನು; ವಿದ್ವಾಂಸರ ಕೈಬರಹದ ಓಟವನ್ನು ಅನುಕರಿಸಿ ಹುಟ್ಟಿದ ಅಕ್ಷರವು ಕಾಲಕ್ರಮದಲ್ಲಿ ಒತ್ತಿ ಹೇಳಬೇಕಾದ ಮಾತಿಗೂ ಗ್ರಂಥನಾಮಗಳಿಗೂ ಮೀಸಲಾಯಿತು. ನಿಘಂಟಿನ ಶಬ್ದಗಳು ಕಣ್ಣಿಗೆ ಥಟ್ಟನೆ ಬೀಳುವಂತಹ ದಪ್ಪಕ್ಷರವು ಲಂಡನ್ನಿನಲ್ಲಿ 1845ರಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ಕ್ಲಾರೆಂಡನ್ನಿನಿಂದ ಪ್ರಸಿದ್ಧವಾಯಿತು. ರೇಖೆಗಳ ತುದಿಯಲ್ಲಿ ಸಣ್ಣ ಚಾಚುಗಳುಳ್ಳ ಸೆರಿಫ್ ಅಕ್ಷರವು ದಪ್ಪವೂ ಓರೆಯೂ ಆದಾಗ ಅದಕ್ಕೆ ಗಾಂಭೀರ್ಯವೂ ವೇಗವೂ ಏಕಕಾಲದಲ್ಲಿ ಬರುತ್ತವೆ. ಶೀರ್ಷಿಕೆಗೂ ಜಾಹೀರಾತಿಗೂ ಅದು ಶೋಭೆ, ಪುಟಗಟ್ಟಲೆ ಓದುವುದಕ್ಕೆ ಶಿಕ್ಷೆ.

ಇವೆರಡರಲ್ಲಿ ಕನ್ನಡ ಮುದ್ರಣವು ದಪ್ಪವನ್ನು ಸ್ವೀಕರಿಸಿತೇ ಹೊರತು ಓರೆಯನ್ನು ಮನಸಾರೆ ಸ್ವೀಕರಿಸಲಿಲ್ಲ. ಇದನ್ನು ಬಡತನವೆನ್ನುವವರು ಮೊಳೆ ಜೋಡಿಸುವವನ ಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ತಲೆಕಟ್ಟು ಮೇಲೆ, ಒಡಲು ನಡುವೆ, ಒತ್ತು ಕೆಳಗೆ ಬಲಗಡೆಗೆ, ಹೀಗೆ ಮೂರು ನೆಲೆಗಳಲ್ಲಿ ಕಟ್ಟಲ್ಪಟ್ಟ ಅಕ್ಷರವನ್ನು ಬಲಕ್ಕೆ ವಾಲಿಸಿದರೆ, ತಲೆಕಟ್ಟು ಮುಂದಿನ ಅಕ್ಷರದ ಮೇಲೆ ಚಾಚಿ, ಒತ್ತು ಎಡಕ್ಕೆ ಸರಿದು ತನ್ನೊಡಲಿನ ಕೆಳಗೇ ಸಿಕ್ಕಿಕೊಳ್ಳುತ್ತದೆ. ಹೊರಚಾಚಿದ ಸೀಸದ ತುದಿಯಾದರೋ ಒತ್ತಡಕ್ಕೆ ಮುರಿಯುವಂಥದು. ಮೂಲಪದ್ಯವನ್ನು ದೊಡ್ಡಕ್ಷರದಲ್ಲಿಯೂ ಟೀಕೆಯನ್ನು ಸಣ್ಣಕ್ಷರದಲ್ಲಿಯೂ ಅಚ್ಚಿಸುವ ನಮ್ಮ ಪದ್ಧತಿಗೆ ವಾಲಿದಕ್ಷರದ ಹಂಗೂ ಇರಲಿಲ್ಲ.

ಆದರೂ ಓರೆಯು ಹಿತ್ತಿಲ ಬಾಗಿಲಿನಿಂದ ಒಳಬಂದಿತು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾಗಿ, ಮುಂದೆ ನಟ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾಯಿತಷ್ಟೆ. ಇಂತಹ ಕಂಪೆನಿ ನಾಟಕಗಳ, ಸಿನಿಮಾಗಳ ಯುಗದಲ್ಲಿ ಅವುಗಳ ಜಾಹೀರಾತಿಗಾಗಿ ಚಿತ್ರಕಾರನು ಕೈಯಾರೆ ಬರೆದು ಬ್ಲಾಕು ಮಾಡಿಸಿದ ಹೆಸರುಗಳು ದಪ್ಪವಾಗಿಯೂ ಓರೆಯಾಗಿಯೂ ಸೊಗಸಾಗಿಯೂ ಮೆರೆದುವು, ಏಕೆಂದರೆ ಒತ್ತು ಎಲ್ಲಿ ನಿಲ್ಲಬೇಕೆಂಬುದನ್ನು ಆ ಕೈ ಬಲ್ಲುದಾಗಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಬಂದ ಮೇಲೆ ಒಂದು ಗುಂಡಿಯನ್ನೊತ್ತಿದರೆ ಯಾವ ಅಕ್ಷರವಾದರೂ ವಾಲುತ್ತದೆ. ಹೆಬ್ಬೂರಿನಂತಹ ಹೋಬಳಿ ಊರುಗಳ ಲಗ್ನಪತ್ರಿಕೆಗಳೂ ಅದರ ಮೋಹಕ್ಕೆ ಒಳಗಾಗಿವೆ. ಆ ವಾಲಿಕೆಯನ್ನು ಇಟಾಲಿಕ್ ಎನ್ನಲು ನನ್ನ ಮನಸ್ಸು ಒಪ್ಪದು. ಗ್ರಿಫೊ ಮಾಡಿದಂತೆ ಕೈಬರಹವನ್ನೇ ಆಧಾರವಾಗಿಟ್ಟುಕೊಂಡು, ಒತ್ತುಗಳಿಗೆ ಬೇರೆ ಸ್ಥಾನವನ್ನು ಕಲ್ಪಿಸಿ, ಮೊದಲಿನಿಂದ ರೂಪಿಸಿದಲ್ಲಿ ಮಾತ್ರ ಕನ್ನಡಕ್ಕೆ ಓದಬಲ್ಲ ಓರೆಯಕ್ಷರವು ದೊರೆತೀತು.