ಬಹ್ರೇನಿನ ಸಮಾಧಿ ದಿಬ್ಬಗಳು: ಅಧ್ಯಯನ ಬೆಳೆದು ಬಂದ ಬಗೆ

ಬಹ್ರೇನ್ ದ್ವೀಪದ ಉತ್ತರ ಮತ್ತು ಪಶ್ಚಿಮ ಭಾಗದ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಒಂದು ಕಾಲಕ್ಕೆ ಸುಮಾರು 75,000 ಸಮಾಧಿ ದಿಬ್ಬಗಳಿದ್ದವೆಂದು ಪುರಾತತ್ವಜ್ಞರು ಅಂದಾಜು ಮಾಡಿದ್ದಾರೆ. ಇವುಗಳಲ್ಲಿ ಬಹುಪಾಲು ಕ್ರಿ.ಪೂ. 2200ರಿಂದ 1750ರ ನಡುವೆ, ದಿಲ್ಮುನ್ ಎಂಬ ನಾಡು ಇಲ್ಲಿ ಏಳಿಗೆಯಲ್ಲಿದ್ದಾಗ ಕಟ್ಟಿದವು. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟೊಂದು ಪ್ರಾಚೀನ ಸಮಾಧಿಗಳು ಕಾಣಸಿಗುವುದು ಬಹಳ ಅಪರೂಪ. ಇವುಗಳ ಅಧ್ಯಯನಕ್ಕೆ ಈಗ ಸುಮಾರು ಒಂದೂವರೆ ಶತಮಾನವಾಗಿದೆ. ಈ ಅವಧಿಯಲ್ಲಿ ದಿಬ್ಬಗಳಿಗೆ ಕೊಟ್ಟ ಹೆಸರುಗಳೂ ಅವುಗಳನ್ನು ವಿವರಿಸುವ ಪರಿಭಾಷೆಯೂ ಹಲವು ಸಲ ಬದಲಾಗಿವೆ. ಸತ್ತವರ ದ್ವೀಪವೆಂದು ತಿಳಿದಿದ್ದ ನೆಲ ಬದುಕಿ ಬಾಳಿದವರ ನಾಡೆಂದು ಗೊತ್ತಾದದ್ದೇ ಈ ಅಧ್ಯಯನದ ಮುಖ್ಯ ಫಲ.

ದಿಬ್ಬದ ರಚನೆ

ಇಂದು ಮಣ್ಣಿನ ಗುಡ್ಡೆಯಂತೆ ಕಾಣುವ ದಿಬ್ಬ ಮೂಲದಲ್ಲಿ ಕಲ್ಲಿನಿಂದ ಕಟ್ಟಿದ ಗಿಡ್ಡ ದುಂಡು ಗೋಪುರವಾಗಿತ್ತು. ನಡುವೆ ಒರಟು ಕಲ್ಲುಗಳ ಶವಕೋಣೆ, ಅದರ ಮೇಲೆ ದೊಡ್ಡ ಮುಚ್ಚುಚಪ್ಪಡಿಗಳು, ಸುತ್ತಲೂ ವರ್ತುಲಾಕಾರದ ಗೋಡೆ, ಗೋಡೆಗೂ ಕೋಣೆಗೂ ನಡುವೆ ತುಂಬಿದ ಕಲ್ಲುಮಣ್ಣು: ಇದು ಸಾಮಾನ್ಯ ವಿನ್ಯಾಸ. ಕಾಲಾಂತರದಲ್ಲಿ ಸುತ್ತುಗೋಡೆ ಕುಸಿದು ಮಣ್ಣು ಹರಡಿದ್ದರಿಂದ ಈಗಿನ ಗುಡ್ಡೆಯ ಆಕಾರ ಬಂದಿದೆ. ಹಲವು ಶವಕೋಣೆಗಳ ಒಂದು ತುದಿಯಲ್ಲಿ ಒಂದು ಅಥವಾ ಎರಡು ಗೂಡುಗಳಿರುತ್ತವೆ.

ಒಂದು ಕೋಣೆಯಲ್ಲಿ ಸಾಮಾನ್ಯವಾಗಿ ಒಬ್ಬರನ್ನೇ ಹೂಳುತ್ತಿದ್ದರು. ಶವವನ್ನು ಬಲಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿ, ಕೈಗಳನ್ನು ಮುಖದ ಬಳಿ ಇಡುತ್ತಿದ್ದರು. ಪಕ್ಕದಲ್ಲಿ ಮಣ್ಣಿನ ಗಡಿಗೆ, ಕುರಿ ಅಥವಾ ಮೇಕೆಯ ಮಾಂಸದ ತುಂಡು, ನೈಸರ್ಗಿಕ ಡಾಂಬರು ಬಳಿದ ಬುಟ್ಟಿ, ಕೆಲವೊಮ್ಮೆ ತಾಮ್ರದ ಆಯುಧ ಅಥವಾ ದುಂಡು ಮುದ್ರೆ ಇರುತ್ತಿತ್ತು. ಮಕ್ಕಳನ್ನು ಹೂಳಲು ಎಷ್ಟೋ ಕಡೆ ದೊಡ್ಡವರ ದಿಬ್ಬದ ಸುತ್ತುಗೋಡೆಗೆ ಒತ್ತಿಕೊಂಡಂತೆ ಪುಟ್ಟ ಗೋರಿ ಕಟ್ಟಿದ್ದಾರೆ. ಬಹುತೇಕ ದಿಬ್ಬಗಳನ್ನು ಕಳ್ಳರು ಪ್ರಾಚೀನ ಕಾಲದಲ್ಲೇ ಅಗೆದು ದೋಚಿದ್ದರಿಂದ ಬೆಲೆಬಾಳುವ ವಸ್ತುಗಳು ಸಿಕ್ಕಿರುವುದು ಕಡಿಮೆ.

ಮೊದಲ ಹುಡುಕಾಟ: 1879ರಿಂದ 1925

ಆಧುನಿಕ ಅಧ್ಯಯನದ ಆರಂಭ ಕ್ಯಾಪ್ಟನ್ ಎಡ್ವರ್ಡ್ ಡ್ಯುರಾಂಡನಿಂದ. ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ರೆಸಿಡೆನ್ಸಿಯ ಅಧಿಕಾರಿಯಾಗಿದ್ದ ಆತ 1879ರಲ್ಲಿ ದ್ವೀಪವನ್ನು ಸಮೀಕ್ಷೆ ಮಾಡಿ, ಆಲಿ ಗ್ರಾಮದ ದೊಡ್ಡ ದಿಬ್ಬಗಳನ್ನು ಅಗೆಸಿದ. ಬಿಲಾದ್ ಅಲ್ ಕದೀಮಿನ ಮಸೀದಿಯೊಂದರಲ್ಲಿ ಬೆಣೆಲಿಪಿಯ ಬರಹವಿದ್ದ ಕಪ್ಪು ಕಲ್ಲೊಂದು ಅವನಿಗೆ ಸಿಕ್ಕಿತು. ಅದರಲ್ಲಿ ರಿಮುಮ್ ಎಂಬ ವ್ಯಕ್ತಿಯ ಅರಮನೆಯ ಮತ್ತು ಇನ್ಜಾಕ್ ಎಂಬ ದೇವರ ಉಲ್ಲೇಖವಿತ್ತು. 1880ರಲ್ಲಿ ಡ್ಯುರಾಂಡನ ವರದಿಗೆ ಟಿಪ್ಪಣಿ ಬರೆದ ಹೆನ್ರಿ ರಾಲಿನ್ಸನ್, ಮೆಸೊಪೊಟೇಮಿಯದ ಬರಹಗಳಲ್ಲಿ ಬರುವ ದಿಲ್ಮುನ್ ಬಹ್ರೇನೇ ಇರಬೇಕೆಂದು ವಾದಿಸಿದ. ಲಂಡನ್ನಿಗೆ ಸಾಗಿಸಿದ ಆ ಕಲ್ಲು ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯ ಕಾಲದಲ್ಲಿ ಕಳೆದುಹೋಯಿತು. ಅದರ ಪ್ರತಿಚಿತ್ರ ಮಾತ್ರ ಉಳಿದಿದೆ.

1889ರಲ್ಲಿ ಬಂದ ಥಿಯೊಡರ್ ಮತ್ತು ಮೇಬಲ್ ಬೆಂಟ್ ದಂಪತಿ ಆಲಿಯಲ್ಲಿ ಅಗೆದಾಗ ದಂತದ ತುಣುಕುಗಳು ಸಿಕ್ಕವು. ಪ್ರಾಚೀನ ಗ್ರೀಕ್ ಲೇಖಕರು ಫಿನೀಷಿಯನ್ನರ ಮೂಲ ಈ ಕಡಲಲ್ಲಿದೆ ಎಂದು ಹೇಳಿದ್ದನ್ನು ನಂಬಿದ ಅವರು ಇವು ಫಿನೀಷಿಯನ್ನರ ಗೋರಿಗಳೆಂದು ಬರೆದರು. 1906ರಿಂದ 1908ರವರೆಗೆ ಬಹ್ರೇನಿನ ಪೊಲಿಟಿಕಲ್ ಏಜೆಂಟ್ ಎಫ್. ಬಿ. ಪ್ರಿಡೋ ನಡೆಸಿದ ಉತ್ಖನನ ಇನ್ನಷ್ಟು ವ್ಯವಸ್ಥಿತವಾಗಿತ್ತು. ಅವನ ಲೇಖನ ಪ್ರಕಟವಾದದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ 1908-09ರ ವಾರ್ಷಿಕ ವರದಿಯಲ್ಲಿ. ಕೊಲ್ಲಿಯ ಆಡಳಿತ ಆಗ ಬ್ರಿಟಿಷ್ ಭಾರತ ಸರ್ಕಾರದ ಅಧೀನದಲ್ಲಿದ್ದುದೇ ಇದಕ್ಕೆ ಕಾರಣ.

1925ರಲ್ಲಿ ಅರ್ನೆಸ್ಟ್ ಮೆಕೆ ಆಲಿಯಲ್ಲಿ ಹಲವು ದಿಬ್ಬಗಳನ್ನು ತೆರೆದ. ಮುಂದೆ ಮೊಹೆಂಜೊದಾರೊ ಉತ್ಖನನದಿಂದ ಹೆಸರಾದವನು ಇವನೇ. 1929ರಲ್ಲಿ ಪ್ರಕಟವಾದ ವರದಿಯಲ್ಲಿ ಅವನು ದ್ವೀಪವನ್ನೇ ಒಂದು ಮಹಾ ರುದ್ರಭೂಮಿ ಎಂದು ಪರಿಗಣಿಸಿದ. ಜನವಸತಿಯ ಕುರುಹು ಕಾಣದಿದ್ದುದರಿಂದ, ಅರೇಬಿಯದ ಮುಖ್ಯ ಭೂಭಾಗದವರು ತಮ್ಮ ಸತ್ತವರನ್ನು ಹೂಳಲು ಇಲ್ಲಿಗೆ ಸಾಗಿಸುತ್ತಿದ್ದರೆಂಬುದು ಅವನ ತೀರ್ಮಾನ. ಈ ಕಲ್ಪನೆ ಹಲವು ದಶಕ ಬಾಳಿತು.

ರುದ್ರಭೂಮಿಯಿಂದ ನಾಡಿಗೆ

ಅಮೆರಿಕದ ಪೀಟರ್ ಕಾರ್ನ್‌ವಾಲ್ 1940-41ರಲ್ಲಿ ದಿಬ್ಬಗಳನ್ನು ಅಗೆದು, ಅಸ್ಥಿಪಂಜರಗಳನ್ನೂ ಗಡಿಗೆಗಳನ್ನೂ ಸಂಗ್ರಹಿಸಿದ. ಬಹ್ರೇನೇ ದಿಲ್ಮುನ್ ಎಂದು 1946ರ ಲೇಖನದಲ್ಲಿ ಮತ್ತೆ ಸಮರ್ಥಿಸಿದ. ಆವರೆಗಿನ ಅಗೆತಗಾರರು ಮೂಳೆಗಳತ್ತ ಹೆಚ್ಚು ಗಮನ ಹರಿಸಿರಲಿಲ್ಲ. ಕಾರ್ನ್‌ವಾಲ್ ಅವುಗಳನ್ನು ಜತನದಿಂದ ಉಳಿಸಿದ್ದರಿಂದ, ಬರ್ಕ್ಲಿಯ ಹರ್ಸ್ಟ್ ಮ್ಯೂಸಿಯಮ್ಮಿನಲ್ಲಿರುವ ಆ ಸಂಗ್ರಹವನ್ನು ಈ ಶತಮಾನದ ಸಂಶೋಧಕರು ಆರೋಗ್ಯ, ವಯಸ್ಸು, ಶ್ರಮದ ಗುರುತುಗಳಿಗಾಗಿ ಮರುಪರಿಶೀಲಿಸಲು ಸಾಧ್ಯವಾಯಿತು.

ದೊಡ್ಡ ತಿರುವು ಬಂದದ್ದು 1953ರ ಕೊನೆಯಲ್ಲಿ, ಡೆನ್ಮಾರ್ಕಿನ ಆರ್ಹುಸ್‌ನಿಂದ ಬಂದ ಪಿ. ವಿ. ಗ್ಲೋಬ್ ಮತ್ತು ಜೆಫ್ರಿ ಬಿಬಿ ಅವರ ತಂಡದಿಂದ. ಅವರು ಹುಡುಕಿದ್ದು ಗೋರಿಗಳ ಜನ ಬಾಳಿದ ಊರನ್ನು. ಕಲಾತ್ ಅಲ್ ಬಹ್ರೇನ್ ಕೋಟೆಯ ದಿಬ್ಬದಲ್ಲಿ ಗೋಡೆಯಿಂದ ಸುತ್ತುವರಿದ ನಗರವೂ ಬಾರ್ಬಾರಿನಲ್ಲಿ ದೇವಾಲಯವೂ ಬೆಳಕಿಗೆ ಬಂದವು. ಸಿಂಧೂ ಕಣಿವೆಯ ಅಳತೆಗೆ ಹೊಂದುವ ತೂಕದ ಕಲ್ಲುಗಳೂ ಸಿಕ್ಕವು. ಹೊರಗಿನಿಂದ ಶವ ತರುತ್ತಿದ್ದರೆಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಇದೇ ಕಾಲದಲ್ಲಿ ಗುಜರಾತಿನ ಲೋಥಲ್‌ನಲ್ಲಿ ಕನ್ನಡಿಗ ಪುರಾತತ್ವಜ್ಞ ಎಸ್. ಆರ್. ರಾವ್ ಅವರಿಗೆ ಕೊಲ್ಲಿ ಮಾದರಿಯ ದುಂಡು ಮುದ್ರೆ ದೊರೆಯಿತು. 1963ರಲ್ಲಿ ಅವರು ಪ್ರಕಟಿಸಿದ ಲೇಖನ, ಬಹ್ರೇನಿನ ಸಮಾಧಿಗಳಲ್ಲಿ ಮಲಗಿದ್ದವರ ಕಡಲ ವ್ಯಾಪಾರ ಭಾರತದ ತೀರದವರೆಗೆ ಚಾಚಿತ್ತೆಂಬುದಕ್ಕೆ ಮುಖ್ಯ ಪುರಾವೆಯಾಯಿತು.

ತುರ್ತು ಉತ್ಖನನಗಳ ಕಾಲ

1971ರಲ್ಲಿ ಬಹ್ರೇನ್ ಸ್ವತಂತ್ರವಾದ ಮೇಲೆ ರಸ್ತೆ, ಬಡಾವಣೆಗಳ ಕೆಲಸ ಭರದಿಂದ ಸಾಗಿತು. ಸೌದಿ ಅರೇಬಿಯಕ್ಕೆ ಸೇತುರಸ್ತೆ ಮತ್ತು ಹಮದ್ ಟೌನ್ ನಿರ್ಮಾಣದ ಹಾದಿಯಲ್ಲಿ ಸಾವಿರಾರು ದಿಬ್ಬಗಳಿದ್ದವು. ಬುಲ್ಡೋಜರ್ ಬರುವ ಮೊದಲೇ ಅಗೆದು ದಾಖಲಿಸುವ ಕೆಲಸಕ್ಕೆ ಹಲವು ದೇಶಗಳ ತಂಡಗಳು ಸೇರಿದವು. ಸಾರ್ ಎಂಬಲ್ಲಿ 1970ರ ದಶಕದ ಕೊನೆಯಲ್ಲಿ ಮುಆವಿಯಾ ಇಬ್ರಾಹಿಂ ನೇತೃತ್ವದ ಅರಬ್ ತಂಡ, ನಂತರ 1980-82ರಲ್ಲಿ ಪಾಕಿಸ್ತಾನದ ರಫೀಕ್ ಮುಘಲ್ ಕೆಲಸ ಮಾಡಿದರು. 1984-85ರಲ್ಲಿ ಹಮದ್ ಟೌನಿನ ದಿಬ್ಬಗಳನ್ನು ಅಗೆದದ್ದು ಕೆ. ಎಂ. ಶ್ರೀವಾಸ್ತವ ನೇತೃತ್ವದ ಭಾರತೀಯ ತಂಡ.

ಸಾರ್‌ನ ಅಗೆತದಿಂದ ಪರಿಭಾಷೆಗೆ ಹೊಸದೊಂದು ಬಗೆ ಸೇರಿತು. ಅಲ್ಲಿ ಒಂಟಿ ದಿಬ್ಬಗಳ ಜೊತೆಗೆ, ಒಂದರ ಸುತ್ತುಗೋಡೆಗೆ ಇನ್ನೊಂದನ್ನು ಆನಿಸಿ ಜೇನುಗೂಡಿನಂತೆ ಕಟ್ಟುತ್ತ ಹೋದ ಸಮಾಧಿ ಸಮುಚ್ಚಯವಿದೆ. 1990ರ ದಶಕದಲ್ಲಿ ಲಂಡನ್-ಬಹ್ರೇನ್ ತಂಡ ಪಕ್ಕದಲ್ಲೇ ಬೀದಿಗಳೂ ಗುಡಿಯೂ ಇದ್ದ ಊರನ್ನು ಅಗೆದಾಗ, ಒಂದೇ ಸಮುದಾಯದ ಮನೆಯನ್ನೂ ಮಸಣವನ್ನೂ ಜೊತೆಗಿಟ್ಟು ನೋಡಲು ಸಾಧ್ಯವಾಯಿತು.

ದಿಲ್ಮುನ್ ಕಾಲದ ನಂತರದ ರೂಢಿಗಳೂ ಈ ಅವಧಿಯಲ್ಲಿ ಸ್ಪಷ್ಟವಾದವು. ಗ್ರೀಕರು ದ್ವೀಪವನ್ನು ಟೈಲೋಸ್ ಎಂದು ಕರೆದ ಕಾಲದಲ್ಲಿ, ಅಂದರೆ ಕ್ರಿ.ಪೂ. 3ನೆಯ ಶತಮಾನದಿಂದೀಚೆಗೆ, ಗಾರೆ ಮೆತ್ತಿದ ಅನೇಕ ಗೋರಿಗಳು ಒಂದೇ ದಿಬ್ಬದೊಳಗೆ ಬಂದವು. ಶಾಖೂರದಂಥ ಕಡೆ ಮೃತರ ರೂಪವನ್ನು ಕೆತ್ತಿದ ನೆನಪಿನ ಕಲ್ಲುಗಳು ಸಿಕ್ಕಿವೆ. ಇಸ್ಲಾಂ ಬಂದ ಮೇಲೆ ಶವವನ್ನು ಕಫನಿನಲ್ಲಿ ಸುತ್ತಿ, ಮುಖ ಮೆಕ್ಕಾದತ್ತ ತಿರುಗುವಂತೆ ಮಲಗಿಸಿ ದಫನ ಮಾಡುವ ಪದ್ಧತಿ ನೆಲೆಯೂರಿತು.

ವರ್ಗೀಕರಣ ಮತ್ತು ಅರಸರ ಸಮಾಧಿಗಳು

21ನೆಯ ಶತಮಾನದ ಅಧ್ಯಯನ ಅಗೆತಕ್ಕಿಂತ ನಕ್ಷೆಗೆ ಹೆಚ್ಚು ಒತ್ತು ಕೊಟ್ಟಿತು. ಡೆನ್ಮಾರ್ಕಿನ ಮೋಸ್‌ಗೋರ್ ಮ್ಯೂಸಿಯಮ್ಮಿನ ಫ್ಲೆಮಿಂಗ್ ಹಾಯ್ಲುಂಡ್ 2007ರಲ್ಲಿ ದಿಬ್ಬಗಳ ಕುರಿತ ಗ್ರಂಥ ಪ್ರಕಟಿಸಿದರು. ಸ್ಟೆಫನ್ ಲೌರ್ಸನ್ ಹಳೆಯ ವೈಮಾನಿಕ ಛಾಯಾಚಿತ್ರಗಳ ನೆರವಿನಿಂದ, ಅಳಿದುಹೋದ ದಿಬ್ಬಗಳನ್ನೂ ಸೇರಿಸಿ ನಕ್ಷೆ ಮಾಡಿದರು. ಇದರಿಂದ ಆದಿ ಮಾದರಿ ಮತ್ತು ಉತ್ತರ ಮಾದರಿ ಎಂಬ ವಿಂಗಡಣೆ ಗಟ್ಟಿಯಾಯಿತು. ಆದಿ ಮಾದರಿಯವು ತಗ್ಗಾಗಿ ಅಲ್ಲಲ್ಲಿ ಹರಡಿಕೊಂಡಿವೆ; ಉತ್ತರ ಮಾದರಿಯವು ಎತ್ತರವಾಗಿ, ದಟ್ಟ ಗುಂಪುಗಳಲ್ಲಿವೆ. ಕೆಲವಕ್ಕೆ ಮಾತ್ರ ಹೊರಗಡೆ ಇನ್ನೊಂದು ಸುತ್ತುಗೋಡೆ ಇರುವುದು ಮೇಲ್ವರ್ಗದ ಗುರುತೆಂದು ಲೌರ್ಸನ್ ತೋರಿಸಿದರು.

ಆಲಿಯ ಭಾರಿ ದಿಬ್ಬಗಳಲ್ಲಿ ಕೋಣೆಯ ಮೇಲೊಂದು ಕೋಣೆ ಇರುತ್ತದೆ. ಇವುಗಳನ್ನು ಅರಸರ ದಿಬ್ಬಗಳೆಂದು ಕರೆಯುವುದು ಬಹುಕಾಲ ಊಹೆಯ ಮಾತಾಗಿತ್ತು. ಹೊಸ ಉತ್ಖನನದಲ್ಲಿ ಸಿಕ್ಕ ಕಲ್ಲಿನ ಪಾತ್ರೆಯ ಚೂರುಗಳ ಬೆಣೆಲಿಪಿಯನ್ನು ಜಾನಿ ಮಾರ್ಕೇಸಿ ಓದಿದಾಗ, ರಿಮುಮ್‌ನ ಮಗ ಯಗ್ಲಿ-ಎಲ್ ಎಂಬ ದೊರೆಯ ಹೆಸರು ಹೊರಬಂತು. ಡ್ಯುರಾಂಡನ ಕಲ್ಲಿನಲ್ಲಿದ್ದ ರಿಮುಮ್ ಇವನ ತಂದೆಯೇ ಎಂದು ಸಂಶೋಧಕರು ಗುರುತಿಸಿದ್ದಾರೆ. 2017ರಲ್ಲಿ ಪ್ರಕಟವಾದ ಲೌರ್ಸನ್ ಗ್ರಂಥದೊಂದಿಗೆ ಅರಸರ ದಿಬ್ಬ ಎಂಬ ಹೆಸರಿಗೆ ಲಿಖಿತ ಆಧಾರ ದೊರೆತಂತಾಯಿತು.

ಉಳಿದಿರುವುದು

2019ರಲ್ಲಿ ಯುನೆಸ್ಕೊ ಈ ದಿಬ್ಬಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವ 21 ತಾಣಗಳಲ್ಲಿ ಆರು ದಿಬ್ಬಗಳ ಬಯಲುಗಳು, ಉಳಿದ ಹದಿನೈದು ಅರಸರ ದಿಬ್ಬಗಳ ತಾಣಗಳು. ಬಯಲುಗಳಲ್ಲಿರುವ ದಿಬ್ಬಗಳ ಸಂಖ್ಯೆ 11,774. ಮನಾಮಾದ ರಾಷ್ಟ್ರೀಯ ಮ್ಯೂಸಿಯಮ್ಮಿನ ಸಮಾಧಿ ವಿಭಾಗದಲ್ಲಿ, ಅಗೆದ ದಿಬ್ಬಗಳ ಒಳರಚನೆಯನ್ನು ಮರುಜೋಡಿಸಿ ಇಟ್ಟಿದ್ದಾರೆ. ಆಲಿಯಲ್ಲಿ ಕುಂಬಾರರ ಆವಿಗೆಗಳು, ಮನೆಗಳು, ಅರಸರ ದಿಬ್ಬಗಳು ಅಕ್ಕಪಕ್ಕದಲ್ಲಿವೆ.

ಮೂಲದ ದಿಬ್ಬಗಳಲ್ಲಿ ಬಹುಪಾಲು ಕಟ್ಟಡ, ರಸ್ತೆಗಳಡಿ ಅಳಿದಿವೆ. ಹಿರೇಬೆಣಕಲ್ಲಿನ ಕಲ್ಮನೆಗಳಂತಹ ಬೃಹತ್ ಶಿಲಾ ಸಮಾಧಿಗಳಿರುವ ಕರ್ನಾಟಕಕ್ಕೂ ಇಲ್ಲಿ ಪಾಠವಿದೆ: ನಕ್ಷೆಯನ್ನೂ ಮೂಳೆಗಳನ್ನೂ ಮೊದಲೇ ಜತನ ಮಾಡಿದ್ದರೆ ಮಾತ್ರ ಮುಂದಿನ ತಲೆಮಾರು ಹೊಸ ಪ್ರಶ್ನೆ ಕೇಳಬಲ್ಲದು. ಉಳಿದ ದಿಬ್ಬಗಳನ್ನು ಇದ್ದ ಜಾಗದಲ್ಲೇ ಕಾಪಾಡುವುದು ಈ ಅಧ್ಯಯನದ ಮುಂದಿರುವ ಮೊದಲ ಕೆಲಸ.