ಕೇಳುವವರನ್ನು ಕೇಳಿದ ಚರಿತ್ರೆ

ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ‘ಕೇಳು’ ಎಂಬ ಒಂದೇ ಮಾತು ಸಲ್ಲುತ್ತದೆ. ರೇಡಿಯೋ, ಟೆಲಿವಿಷನ್, ಮೊಬೈಲುಗಳನ್ನು ಜನ ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಅವರ ಬಳಿಗೇ ಹೋಗಿ ಕೇಳಿ, ನೋಡಿ ತಿಳಿಯುವುದು ಇಂದು ಎಲೆಕ್ಟ್ರಾನಿಕ್ ಕಂಪನಿಗಳಲ್ಲಿ ಒಂದು ಪ್ರತ್ಯೇಕ ಉದ್ಯೋಗ. ಬಳಕೆದಾರರ ಅನುಭವದ ಸಂಶೋಧನೆ ಎಂದು ಅದರ ಹೆಸರು. ಹೆಸರು ಹೊಸದಾದರೂ ಕೆಲಸ ಅಷ್ಟು ಹೊಸದಲ್ಲ.

ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ನಿಲಯವೇ ‘ಆಕಾಶವಾಣಿ’. ಮನಸ್ಸನ್ನು ಅರಿಯುವ ಶಾಸ್ತ್ರದವರೊಬ್ಬರಿಂದ ನಮ್ಮ ನಾಡಿನ ರೇಡಿಯೋ ಹುಟ್ಟಿತೆಂಬುದು ನೆನೆಯತಕ್ಕ ಸಂಗತಿ. 1955ರಲ್ಲಿ ನಿಲಯ ಬೆಂಗಳೂರಿಗೆ ಬಂದಿತು.

ಆದರೆ ದನಿ ಮುಟ್ಟಿದ ಮಾತ್ರಕ್ಕೆ ಅರ್ಥ ಮುಟ್ಟಿತೆನ್ನಲಾಗದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನೇ ನೋಡಿ. ಇಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಯೊಡನೆಯೇ ತಿಂಗಳುಗಟ್ಟಲೆ, ವರ್ಷದವರೆಗೂ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ವರ್ಷದ ಸಂಪಾದನೆ ಅಟ್ಟದಲ್ಲಿದೆ. ಮಾರುವ ದಿನದ ಧಾರಣೆಯೇ ಮನೆಯ ಭವಿಷ್ಯ. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು. ಮಣ, ಆಣೆಗಳಲ್ಲಿ ಲೆಕ್ಕ ಹಾಕುವ ಯಜಮಾನರಿಗೆ ರೇಡಿಯೋ ಕ್ವಿಂಟಾಲು, ನಯಾಪೈಸೆಗಳಲ್ಲಿ ಧಾರಣೆ ಹೇಳಿತೆನ್ನಿ. ಯಂತ್ರ ಸರಿಯಿದೆ, ಉಚ್ಚಾರ ಸ್ಪಷ್ಟವಿದೆ. ಲೆಕ್ಕ ಮಾತ್ರ ಹತ್ತದು. ಅಟ್ಟದ ಕಾಯಿಯ ಎಣಿಕೆ ಬಲ್ಲ ಮನೆಯಾಕೆ ಆ ಹೊತ್ತಿಗೆ ಒಲೆಯ ಮುಂದಿದ್ದರೆ ಆಕೆಗೆ ಸುದ್ದಿಯೇ ಇಲ್ಲ. ಇಂಥ ತೊಡಕು ಸ್ಟುಡಿಯೋದಲ್ಲಿ ಕುಳಿತವರಿಗೆ ಕಾಣದು. ಜಗಲಿಯ ಮೇಲೆ ಕುಳಿತು ಕೇಳಿದವರಿಗೆ ಕಾಣುತ್ತದೆ.

ಹಾಗೆ ಕ್ರಮವಾಗಿ ಕೇಳಿನೋಡಿದ ದೊಡ್ಡ ಪ್ರಯತ್ನ 1956ರಲ್ಲಿ ಪುಣೆಯ ನಿಲಯದಿಂದ ನಡೆಯಿತು. ಆಗಿನ ಮುಂಬಯಿ ರಾಜ್ಯದ 150 ಹಳ್ಳಿಗಳಲ್ಲಿ ರೈತರು ಗುಂಪುಗೂಡಿ 20 ಕಾರ್ಯಕ್ರಮಗಳನ್ನು ಕೇಳಿ ಚರ್ಚಿಸಿದರು. ಪಾಲ್ ನ್ಯೂರಾತ್ ಅವರ ತಂಡ ಮೊದಲೂ ಕೊನೆಗೂ ಜನರನ್ನು ಪ್ರಶ್ನಿಸಿ, ಗುಂಪಿಲ್ಲದ ಹಳ್ಳಿಗಳೊಡನೆ ಹೋಲಿಸಿತು. ಚರ್ಚೆ ನಡೆದ ಕಡೆ ತಿಳಿವಳಿಕೆ ಸ್ಪಷ್ಟವಾಗಿ ಬೆಳೆದಿತ್ತು; ರೇಡಿಯೋ ಮಾತ್ರವಿದ್ದ ಕಡೆ ಅಷ್ಟಾಗಿ ಇರಲಿಲ್ಲ.

ಕನ್ನಡ ನಾಡಿನ ಸರದಿ 1975ರ ಆಗಸ್ಟ್ 1ರಂದು ಬಂದಿತು. ಉಪಗ್ರಹದ ಮೂಲಕ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆಯ್ದ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ನೆಲಸಿ, ಜನ ಏನನ್ನು ನೋಡುತ್ತಾರೆ, ಏನನ್ನು ಬಿಡುತ್ತಾರೆ ಎಂದು ಗಮನಿಸಿದರು.

ಇಂದು ಕೊಬ್ಬರಿಯ ಧಾರಣೆ ಅಂಗೈಯ ಮೊಬೈಲಿನಲ್ಲೇ ಬರುತ್ತದೆ. ಅಕ್ಷರ ಸಣ್ಣದಾದರೆ, ಮಾತು ಅಪರಿಚಿತವಾದರೆ, ವಯಸ್ಸಾದವರು ಅದನ್ನು ಮೊಮ್ಮಕ್ಕಳ ಕೈಗೆ ಕೊಡಬೇಕಾಗುತ್ತದೆ. ಯಂತ್ರ ಮಾಡುವವರು ಮೊದಲು ಅವರನ್ನು ಕೇಳುವುದು ಲೇಸು. ಒಡೆಯುವ ಮುನ್ನ ಕಾಯಿಯನ್ನು ಅಲ್ಲಾಡಿಸಿ ಕೇಳುವ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.